ದಿಮ್ಮಿ ಸೀಳುವ ದೊಡ್ಡ ಚೈನ್‌ಸಾ: ಪದೇ ಪದೇ ಕೇಳುವ ಪ್ರಶ್ನೆಗಳು

ಮರ ಕಡಿಯಲು ಇಟ್ಟುಕೊಂಡ ಚೈನ್‌ಸಾದಲ್ಲೇ ಹಲಗೆ ಕೊಯ್ಯಬಹುದೇ?

ಕೊಯ್ಯಬಹುದು, ಎಂಜಿನ್ ಸಾಕಷ್ಟು ದೊಡ್ಡದಿದ್ದರೆ. ಅಡ್ಡ ಕೊಯ್ಯುವಾಗ ಎಂಜಿನ್ ಮೇಲೆ ಹೊರೆ ಬೀಳುವುದು ಅರ್ಧ ನಿಮಿಷವೋ ಒಂದು ನಿಮಿಷವೋ. ತುಂಡು ಬಿದ್ದ ಕೂಡಲೇ ಅದಕ್ಕೆ ಬಿಡುವು ಸಿಗುತ್ತದೆ. ದಿಮ್ಮಿಯನ್ನು ಉದ್ದಕ್ಕೆ ಸೀಳುವಾಗ ಹಾಗಲ್ಲ. ಥ್ರಾಟಲ್ ಪೂರ್ತಿ ಒತ್ತಿ ಹಿಡಿದು ಐದು, ಹತ್ತು ನಿಮಿಷ ಒಂದೇ ಸಮನೆ ಓಡಿಸಬೇಕು. ಬಿಸಿ, ಪುಡಿ, ಚೈನ್‌ನ ಸವೆತ ಎಲ್ಲವೂ ಹೆಚ್ಚುವುದು ಇದರಿಂದಲೇ. ಕೆಳಗಿನ ಉತ್ತರಗಳಲ್ಲಿ ಹೆಚ್ಚಿನವು ಈ ಒಂದು ವ್ಯತ್ಯಾಸಕ್ಕೆ ಸಂಬಂಧಿಸಿದವು.

ಎಷ್ಟು ಸಿಸಿಯ ಎಂಜಿನ್ ಬೇಕು?

ದಿಮ್ಮಿಯ ಅಗಲ ನೋಡಿ ನಿರ್ಧರಿಸಿ. ಒಂದಡಿ ಅಗಲದ ಮೆದು ಮರಕ್ಕೆ 60 ಸಿಸಿ ಹೇಗೋ ಸಾಕಾಗುತ್ತದೆ. 20 ಇಂಚಿನವರೆಗೆ 70 ಸಿಸಿ, 30 ಇಂಚಿನ ಆಸುಪಾಸಿಗೆ 90 ಸಿಸಿ, ಅದಕ್ಕಿಂತ ಅಗಲದ ಗಟ್ಟಿ ಮರಕ್ಕೆ 120 ಸಿಸಿ ಅಂದಾಜು ಇಟ್ಟುಕೊಳ್ಳಿ. ಸ್ಟಿಲ್ ಎಂಎಸ್ 661 (91.1 ಸಿಸಿ) ಮತ್ತು ಹಸ್ಕ್‌ವಾರ್ನಾ 395 ಎಕ್ಸ್‌ಪಿ (93.6 ಸಿಸಿ) ನಡುವಿನ ದರ್ಜೆಯವು. ಸ್ಟಿಲ್ ಎಂಎಸ್ 881 (121.6 ಸಿಸಿ) ಮತ್ತು ಹಸ್ಕ್‌ವಾರ್ನಾ 3120 ಎಕ್ಸ್‌ಪಿ (118.8 ಸಿಸಿ) ದೊಡ್ಡ ದರ್ಜೆಯವು.

ಆದರೆ ಮೊಂಡು ಚೈನ್ ಹಾಕಿದ 120 ಸಿಸಿ ಗರಗಸಕ್ಕಿಂತ ಹರಿತ ಚೈನ್ ಇರುವ 90 ಸಿಸಿ ಗರಗಸವೇ ಮುಂದೆ ಹೋಗುತ್ತದೆ. ಕೊಯ್ತ ನಿಧಾನ ಅನ್ನಿಸಿದರೆ ದೊಡ್ಡ ಎಂಜಿನ್ ಹುಡುಕುವ ಮೊದಲು ಅರ ಕೈಗೆತ್ತಿಕೊಳ್ಳಿ.

36 ಇಂಚಿನ ಬಾರ್ ಇದ್ದರೆ 36 ಇಂಚಿನ ದಿಮ್ಮಿ ಸೀಳಬಹುದಲ್ಲ?

ಇಲ್ಲ. ಬಾರ್ ಅಂದರೆ ಚೈನ್ ಸುತ್ತ ಓಡುವ ಉದ್ದ ಪಟ್ಟಿ. ಅದನ್ನು ಹಿಡಿದು ದಿಮ್ಮಿ ಮೇಲೆ ಜಾರುವ ಚೌಕಟ್ಟೇ ಮಿಲ್. ಮಿಲ್‌ನ ಕ್ಲ್ಯಾಂಪ್‌ಗಳು ಎರಡೂ ತುದಿಯಲ್ಲಿ ಬಾರನ್ನು ಕಚ್ಚಿಕೊಂಡಿರುತ್ತವೆ. ಅವಕ್ಕೆ 4ರಿಂದ 6 ಇಂಚು ಹೋಗುತ್ತದೆ. ಎಂಜಿನ್ ಮುಂದಿನ ಮುಳ್ಳುಪಟ್ಟಿ ಬಿಚ್ಚಿಟ್ಟರೆ ಸ್ವಲ್ಪ ಜಾಗ ಉಳಿಯುತ್ತದೆ. ಬಾರ್ ತುದಿಯಲ್ಲಿ ತಿರುಗುವ ಚಕ್ರವಿದ್ದರೆ ಅದರ ಮೇಲೆ ಕ್ಲ್ಯಾಂಪ್ ಬಿಗಿಯಬೇಡಿ. ಚಕ್ರ ಹಿಡಿದುಕೊಂಡು ಬೇರಿಂಗ್ ಸುಟ್ಟುಹೋಗುತ್ತದೆ. ಚಕ್ರ ದಾಟಿ ಹಿಂದಕ್ಕೆ, ಬಾರ್ ಗಟ್ಟಿಯಿರುವ ಕಡೆ ಬಿಗಿಯಿರಿ. ಹಿಡಿತ ಬಾರ್‌ನ ಮೈ ಮೇಲಿರಲಿ, ಚೈನ್ ಓಡುವ ಅಂಚಿಗೆ ತಾಗದಿರಲಿ.

ಅಲಾಸ್ಕನ್ ಮಿಲ್ ಅಂದರೇನು? ಅದಿಲ್ಲದೆ ಕೈಯಲ್ಲೇ ಹಿಡಿದು ಸೀಳಲು ಆಗುವುದಿಲ್ಲವೇ?

ಬಾರನ್ನು ಒಂದು ನಿಶ್ಚಿತ ಆಳದಲ್ಲಿ ಹಿಡಿದುಕೊಂಡು, ದಿಮ್ಮಿಯ ಮೇಲಿನ ಸಪಾಟು ಮೈ ಮೇಲೆ ಜಾರುವ ಚೌಕಟ್ಟು ಅದು. ಎರಡು ಕಂಬಗಳಲ್ಲಿ ಗುರುತು ಇರುತ್ತದೆ, ಹಲಗೆಯ ದಪ್ಪವನ್ನು ಅಲ್ಲಿ ಹೊಂದಿಸಬೇಕು. ಕೈಯಲ್ಲಿ ಹಿಡಿದು ಸೀಳಿದರೆ ಸೌದೆ ಸಿಗಬಹುದು, ಹಲಗೆ ಸಿಗುವುದಿಲ್ಲ.

ಚೈನ್ ಯಾವುದು ಹಾಕಬೇಕು?

ಅಂಗಡಿಯಲ್ಲಿ ಸಿಗುವ ಸಾಮಾನ್ಯ ಚೈನ್‌ನ ಹಲ್ಲಿನ ಮೇಲ್ತಟ್ಟೆಯ ಕೋನ 25ರಿಂದ 35 ಡಿಗ್ರಿ ಇರುತ್ತದೆ. ಅದು ಅಡ್ಡ ಕೊಯ್ತಕ್ಕೆ. ಸೀಳುವ ಚೈನ್‌ನಲ್ಲಿ ಈ ಕೋನ ಸುಮಾರು 10 ಡಿಗ್ರಿ. ಮಿಲ್‌ನಲ್ಲಿ ಹಲ್ಲು ನಾರಿನ ತುದಿಗೇ ನೇರವಾಗಿ ಎದುರಾಗುತ್ತದೆ. ಕೋನ ಹೆಚ್ಚಿದ್ದಷ್ಟೂ ಹಲ್ಲು ಪಕ್ಕಕ್ಕೆ ಎಳೆದು ಮೈ ಒರಟಾಗುತ್ತದೆ, ಕಡಿಮೆ ಇದ್ದರೆ ನೇರ ಹೋಗಿ ಮೈ ನುಣುಪಾಗುತ್ತದೆ. ಸಾಮಾನ್ಯ ಚೈನ್ ಹಾಕಿದರೆ ಏನೂ ಕೆಡುವುದಿಲ್ಲ, ಆಮೇಲೆ ರಂದ ಹೊಡೆಯುವ ಕೆಲಸ ಹೆಚ್ಚುತ್ತದೆ ಅಷ್ಟೆ.

ಇರುವ ಚೈನನ್ನೇ ಬದಲಾಯಿಸಿಕೊಳ್ಳಬೇಕೆಂದರೆ ಒಂದೇ ಸಲ 30ರಿಂದ 10ಕ್ಕೆ ಇಳಿಸಬೇಡಿ, ಹಲ್ಲು ವ್ಯರ್ಥವಾಗಿ ಸವೆಯುತ್ತದೆ. ಪ್ರತಿ ಸಲ ಅರ ಹಾಕುವಾಗ ಐದು ಡಿಗ್ರಿಯಂತೆ ಇಳಿಸುತ್ತ ಬನ್ನಿ.

36 ಇಂಚು ಮತ್ತು ಅದಕ್ಕಿಂತ ಉದ್ದದ ಬಾರ್‌ಗೆ ಹಲ್ಲುಗಳು ದೂರ ದೂರ ಇರುವ ಸ್ಕಿಪ್ ಚೈನ್ ಒಳ್ಳೆಯದು. ಏಕಕಾಲಕ್ಕೆ ಮರ ಕಚ್ಚುವ ಹಲ್ಲು ಕಡಿಮೆಯಾಗುವುದರಿಂದ ಎಂಜಿನ್ ಏದುಸಿರು ಬಿಡುವುದಿಲ್ಲ, ಪುಡಿ ಹೊರಗೆ ಹೋಗಲೂ ಜಾಗವಿರುತ್ತದೆ. ಅರ ಹಾಕಬೇಕಾದ ಹಲ್ಲೂ ಕಡಿಮೆ. ಇದನ್ನು ಯಾರೂ ಮೊದಲು ಹೇಳುವುದಿಲ್ಲ, ಆದರೆ ಸಂಜೆ ಹೊತ್ತಿಗೆ ಅದೇ ದೊಡ್ಡ ಲಾಭ ಅನ್ನಿಸುತ್ತದೆ.

ಒಂದು ಕೊಯ್ತಕ್ಕೆ ಎಷ್ಟು ಮರ ಪುಡಿಯಾಗಿ ಹೋಗುತ್ತದೆ?

3/8 ಅಥವಾ .404 ಇಂಚು ಪಿಚ್‌ನ (ಪಿಚ್ ಅಂದರೆ ಚೈನ್‌ನ ಕೊಂಡಿಗಳ ಅಂತರದ ಅಳತೆ) ಚೈನ್‌ನಲ್ಲಿ ಸುಮಾರು 9 ಮಿಮೀ. ಹತ್ತು ಕೊಯ್ತಕ್ಕೆ 9 ಸೆಂಮೀ, ಅಂದರೆ ಎರಡು ಮೂರು ಹಲಗೆ ಪುಡಿಯಾದಂತೆ. ತೆಳು 3/8 ಲೋ ಪ್ರೊಫೈಲ್ ಚೈನ್ ಮತ್ತು ಅದಕ್ಕೆ ತಕ್ಕ ಬಾರ್ ಹಾಕಿದರೆ ಇದು 6–7 ಮಿಮೀಗೆ ಇಳಿಯುತ್ತದೆ, ಎಂಜಿನ್‌ಗೂ ಹಗುರ. ಆದರೆ ಆ ಚೈನ್ ಸಣ್ಣ ಗರಗಸಕ್ಕೆಂದು ಮಾಡಿದ್ದು. ದೊಡ್ಡ ಎಂಜಿನ್‌ನ ಎಳೆತಕ್ಕೆ ತುಂಡಾಗುವ ಸಾಧ್ಯತೆ ಹೆಚ್ಚು. 120 ಸಿಸಿಗೆ ಅದನ್ನು ಹಾಕುವುದು ಬೇಡ.

ಎಷ್ಟು ಹೊತ್ತಿಗೊಮ್ಮೆ ಅರ ಹಾಕಬೇಕು? ಹೇಗೆ?

ಟ್ಯಾಂಕಿಗೆ ಪೆಟ್ರೋಲ್ ತುಂಬುವಾಗಲೆಲ್ಲ ಪ್ರತಿ ಹಲ್ಲಿಗೂ ಎರಡು ಮೂರು ಎಳೆತ. ಪೂರ್ತಿ ಮೊಂಡಾದ ಮೇಲೆ ಇಪ್ಪತ್ತು ಎಳೆಯುವುದಕ್ಕಿಂತ ಇದು ಬೇಗ ಮುಗಿಯುತ್ತದೆ, ಹಲ್ಲೂ ಬಾಳುತ್ತದೆ. ತೇಗದಂತೆ ಸಿಲಿಕಾ ಇರುವ ಮರ, ಮಣ್ಣು ಮೆತ್ತಿದ ತೊಗಟೆ, ಒಣಗಿ ಕಲ್ಲಾದ ದಿಮ್ಮಿ ಇದ್ದರೆ ಪ್ರತಿ ಕೊಯ್ತಕ್ಕೂ ಬೇಕಾಗಬಹುದು. ಸೀಳುವ ಮೊದಲು ತೊಗಟೆ ತೆಗೆದುಬಿಟ್ಟರೆ ಅರ್ಧ ಕಷ್ಟ ತಪ್ಪುತ್ತದೆ.

ಅರದ ಗಾತ್ರ ಚೈನ್‌ಗೆ ಸರಿಯಾಗಿರಬೇಕು. 3/8 ಪಿಚ್‌ಗೆ ಚೈನ್ ತಯಾರಕರನ್ನು ಅನುಸರಿಸಿ 5.2 ಅಥವಾ 5.5 ಮಿಮೀ, .404 ಪಿಚ್‌ಗೆ 5.5 ಮಿಮೀ, ಲೋ ಪ್ರೊಫೈಲ್‌ಗೆ 4 ಮಿಮೀ. ಬಾರನ್ನು ವೈಸ್‌ನಲ್ಲಿ ಬಿಗಿದು, ಚೈನ್ ಅಲುಗದಂತೆ ಬ್ರೇಕ್ ಹಾಕಿ. ಅರದ ವ್ಯಾಸದ ಐದನೇ ಒಂದು ಭಾಗ ಹಲ್ಲಿನ ಮೇಲ್ಮೈಗಿಂತ ಮೇಲೆ ಕಾಣುತ್ತಿರಬೇಕು. ಅರ ಕೆಳಗಿಳಿದರೆ ಹಲ್ಲಿನ ಬಾಯಿ ಕೊಕ್ಕೆಯಂತಾಗಿ ಬೇಗ ಮೊಂಡಾಗುತ್ತದೆ, ಮೇಲೇರಿದರೆ ಹಲ್ಲು ಮರ ಕಚ್ಚುವುದೇ ಇಲ್ಲ. ಒಳಗಿನಿಂದ ಹೊರಕ್ಕೆ ಮಾತ್ರ ತಳ್ಳಿ. ವಾಪಸ್ ಎಳೆಯುವಾಗ ಅರ ಹಲ್ಲಿಗೆ ತಾಗಬಾರದು. ಒಂದು ಬದಿಯ ಹಲ್ಲೆಲ್ಲ ಮುಗಿಸಿ ಇನ್ನೊಂದು ಬದಿಗೆ ಹೋಗಿ, ಎರಡೂ ಕಡೆ ಎಳೆತದ ಲೆಕ್ಕ ಒಂದೇ ಇರಲಿ.

ಹಲ್ಲಿನ ತುದಿಯನ್ನು ಬಿಸಿಲಿಗೆ ಹಿಡಿದು ನೋಡಿ. ಅಂಚಿನಲ್ಲಿ ಬೆಳ್ಳಗೆ ಮಿನುಗುವ ಗೆರೆ ಕಂಡರೆ ಅಲ್ಲಿ ಇನ್ನೂ ಮೊಂಡಿದೆ. ಹರಿತ ಅಂಚು ಬೆಳಕನ್ನು ತಿರುಗಿಸುವುದಿಲ್ಲ, ಗೆರೆ ಮಾಯವಾಗುವವರೆಗೆ ಎಳೆಯಿರಿ.

ಹಲ್ಲು ಕಚ್ಚುವ ಆಳಕ್ಕೆ ಮಿತಿ ಹಾಕುವ, ಅದರ ಮುಂದಿರುವ ಆಳದ ಗುಬ್ಬಿಯನ್ನು ಮೂರು ನಾಲ್ಕು ಸಲ ಅರ ಹಾಕಿದ ಮೇಲೆ ಒಮ್ಮೆ ಗೇಜ್ ಇಟ್ಟು ನೋಡಬೇಕು. ಹಲ್ಲಿನ ತುದಿಗಿಂತ ಗುಬ್ಬಿ 3/8ರಲ್ಲಿ 0.65 ಮಿಮೀ, .404ರಲ್ಲಿ 0.8 ಮಿಮೀ ತಗ್ಗಿನಲ್ಲಿರಬೇಕು. ಹಲ್ಲು ಹರಿತವಿದ್ದೂ ಗರಗಸ ಮುಂದೆ ಹೋಗದಿದ್ದರೆ ಹೆಚ್ಚಾಗಿ ಕಾರಣ ಎತ್ತರ ಉಳಿದ ಗುಬ್ಬಿಯೇ. ಬೇಗ ಆಗಲಿ ಎಂದು ಅತಿಯಾಗಿ ಉಜ್ಜಿದರೆ ಚೈನ್ ಮರವನ್ನು ಗಬಕ್ಕನೆ ಕಚ್ಚುತ್ತದೆ, ಎಂಜಿನ್ ನಿಂತು ನಿಂತು ಓಡುತ್ತದೆ, ಹಲಗೆ ಮೇಲೆ ಅಲೆ ಅಲೆಯಾಗಿ ಗುರುತು ಬೀಳುತ್ತದೆ. ಹಲ್ಲು 4 ಮಿಮೀ ಉಳಿದಾಗ, ಅಥವಾ ಹಲ್ಲಿನ ಮೇಲಿನ ಸವೆತದ ಗುರುತು ಮುಟ್ಟಿದಾಗ ಚೈನ್ ಬಿಸಾಡಿ.

ಪುಡಿ ಹಿಟ್ಟಿನ ಹಾಗೆ ಬರುತ್ತಿದೆ. ಚೈನ್ ಮೊಂಡಾಗಿದೆಯೇ?

ಅಷ್ಟರಿಂದಲೇ ಹೇಳಲಾಗದು. ಅಡ್ಡ ಕೊಯ್ತದಲ್ಲಿ ಬರುವಂಥ ದಪ್ಪ ಚಕ್ಕೆ ಮಿಲ್‌ನಲ್ಲಿ ಬರುವುದಿಲ್ಲ, ರವೆಯಷ್ಟು ದಪ್ಪದ ಪುಡಿ ಇಲ್ಲಿ ಸಹಜ. ಅದು ಬೆರಳ ನಡುವೆ ಮೈದಾದಂತೆ ನುಣ್ಣಗಾಗಿ, ಸುಟ್ಟ ವಾಸನೆ ಬಂದು, ಸೊಂಟದಿಂದ ತಳ್ಳುವ ಹಾಗಾದರೆ ಚೈನ್ ಮೊಂಡಾಗಿದೆ. ಹರಿತ ಚೈನ್‌ಗೆ ಕೈಯ ಹಗುರ ಒತ್ತಡ ಸಾಕು.

ಹಲಗೆ ಒಂದು ಕಡೆ ದಪ್ಪ, ಒಂದು ಕಡೆ ತೆಳು ಬರುತ್ತಿದೆ. ಬಾರ್ ಕೆಳಕ್ಕೆ ಇಳಿಯುತ್ತಿದೆಯೋ ಅನ್ನಿಸುತ್ತದೆ.

ಮೊದಲು ಹಲ್ಲಿನ ಉದ್ದ ಅಳೆಯಿರಿ. ಬಲಗೈ ಬಳಕೆಯವರು ಒಂದು ಬದಿಗೆ ಗೊತ್ತಿಲ್ಲದೆಯೇ ಹೆಚ್ಚು ಒತ್ತುತ್ತಾರೆ, ಆ ಬದಿಯ ಹಲ್ಲು ಗಿಡ್ಡವಾಗುತ್ತದೆ. ಉದ್ದ ಹಲ್ಲಿರುವ ಬದಿಗೆ ಚೈನ್ ಎಳೆಯುತ್ತದೆ. ಕ್ಯಾಲಿಪರ್‌ನಿಂದ ಅತಿ ಗಿಡ್ಡ ಹಲ್ಲು ಹುಡುಕಿ, ಉಳಿದವನ್ನೆಲ್ಲ ಅದರ ಅಳತೆಗೆ ತನ್ನಿ. ಒಂದು ಬದಿಯ ಹಲ್ಲುಗಳು ಮೊಳೆಗೆ ತಾಗಿ ಮೊಂಡಾಗಿದ್ದರೂ ಇದೇ ತೊಂದರೆ.

ಹಲ್ಲು ಸರಿಯಿದ್ದರೆ ಬಾರ್ ನೋಡಿ. ಉಕ್ಕಿನ ಸ್ಕೇಲನ್ನು ಬಾರ್‌ನ ಮೈಗೂ ಹಲ್ಲಿನ ಪಕ್ಕಕ್ಕೂ ಸೇರಿಸಿ ಹಿಡಿದಾಗ ಬಾರ್ ಮತ್ತು ಸ್ಕೇಲ್ ನಡುವೆ ಸಣ್ಣ ಸಂದು ಇರಬೇಕು. ಸಂದೇ ಇಲ್ಲದಿದ್ದರೆ ಚೈನ್ ವಾಲುತ್ತಿದೆ, ಅಂದರೆ ಬಾರ್‌ನಲ್ಲಿ ಚೈನ್ ಓಡುವ ತೋಡು ಅಗಲವಾಗಿದೆ, ಇಲ್ಲವೇ ಅಂಚುಗಳ ಎತ್ತರ ಏರುಪೇರಾಗಿದೆ. 1.6 ಮಿಮೀ ತೋಡಿನ ಬಾರ್‌ಗೆ 1.5 ಅಥವಾ 1.3 ಮಿಮೀ ಗೇಜಿನ (ತೋಡಿನೊಳಗೆ ಓಡುವ ಕೊಂಡಿಯ ದಪ್ಪ) ಚೈನ್ ಹಾಕಿದವರಿಗೂ ಇದೇ ಅನುಭವ. ಅಂಚಿನ ಏರುಪೇರನ್ನು ಚಪ್ಪಟೆ ಅರದಿಂದ ಸಮ ಮಾಡಬಹುದು, ಅಗಲವಾದ ತೋಡಿಗೆ ಹೊಸ ಬಾರ್‌ ಸುಲಭದ ಉಪಾಯ.

ಎರಡೂ ಸರಿಯಿದ್ದರೆ ತಪ್ಪು ಮಿಲ್‌ನದ್ದು: ನಟ್ಟು ಸಡಿಲ, ಎರಡು ಕಂಬಗಳ ಅಳತೆ ಬೇರೆ ಬೇರೆ, ಅಥವಾ ನೀವೇ ಎಂಜಿನ್ ಬದಿಯನ್ನು ಕೆಳಕ್ಕೆ ಜಗ್ಗುತ್ತಿದ್ದೀರಿ. ದೊಡ್ಡ ಎಂಜಿನ್‌ನ ತೂಕ ತಾನಾಗಿಯೇ ಜಗ್ಗುತ್ತದೆ, ತಳ್ಳುವ ಜತೆಗೆ ಅದನ್ನು ಸ್ವಲ್ಪ ಎತ್ತಿ ಹಿಡಿಯುವ ಅಭ್ಯಾಸ ಬೇಕು.

ಮೊದಲ ಕೊಯ್ತಕ್ಕೆ ಸಪಾಟು ಮೈ ಎಲ್ಲಿಂದ ತರುವುದು?

ಅಲ್ಯುಮಿನಿಯಂ ಏಣಿ ಅಥವಾ ನೇರವಾದ ಎರಡು ಪಟ್ಟಿಗಳನ್ನು ಜೋಡಿಸಿದ ಚೌಕಟ್ಟನ್ನು ದಿಮ್ಮಿಯ ಮೇಲೆ ಕೂರಿಸಿ. ದಿಮ್ಮಿಯ ಎರಡೂ ತುದಿಗೆ ಒಂದೊಂದು ತುಂಡು ಹಲಗೆ ಹೊಡೆದು, ಎರಡರ ಮೇಲಂಚೂ ಒಂದೇ ಮಟ್ಟದಲ್ಲಿದೆಯೇ ಎಂದು ರಸಮಟ್ಟ ಇಟ್ಟು ನೋಡಿ, ಅದರ ಮೇಲೆ ಏಣಿ ಕೂರಿಸಿದರೆ ತಿರುಚು ಬರುವುದಿಲ್ಲ. ಈ ಕೆಲಸಕ್ಕೆ ಅರ್ಧ ಗಂಟೆ ಹಿಡಿದರೂ ಹಿಡಿಯಲಿ. ಎರಡನೇ ಕೊಯ್ತದಿಂದ ಮಿಲ್ ಈ ಮೈ ಮೇಲೆಯೇ ಜಾರುವುದರಿಂದ ಇಲ್ಲಿನ ತಿರುಚು ಉಳಿದ ಎಲ್ಲ ಹಲಗೆಗೂ ಹೋಗುತ್ತದೆ.

ಏಣಿ ದಿಮ್ಮಿಗಿಂತ ಎರಡೂ ಕಡೆ ಒಂದಡಿ ಆಚೆ ಚಾಚಿರಲಿ. ಇಲ್ಲದಿದ್ದರೆ ಒಳ ಹೋಗುವಾಗ ಮತ್ತು ಹೊರ ಬರುವಾಗ ಮಿಲ್ ತಲೆ ಬಾಗಿಸುತ್ತದೆ. ಸ್ಕ್ರೂಗಳ ತುದಿ ಬಾರ್ ಹೋಗುವ ಮಟ್ಟಕ್ಕಿಂತ ಕನಿಷ್ಠ 3 ಸೆಂಮೀ ಮೇಲೆಯೇ ನಿಂತಿರಬೇಕು. ಏಣಿಯ ಎತ್ತರವನ್ನೂ ಲೆಕ್ಕಕ್ಕೆ ಹಿಡಿದು ಕೊಯ್ತದ ಆಳ ಹೊಂದಿಸಿ.

ದಿಮ್ಮಿಯನ್ನು ನೆಲದಿಂದ ಎತ್ತಿ, ಶುರು ಮಾಡುವ ತುದಿ ತುಸು ಎತ್ತರದಲ್ಲಿರುವಂತೆ ಇಟ್ಟರೆ ಗರಗಸದ ತೂಕವೇ ಅದನ್ನು ಮುಂದೆ ಒಯ್ಯುತ್ತದೆ.

ಬಾರ್ ಮಧ್ಯದಲ್ಲೇ ಸಿಕ್ಕಿಹಾಕಿಕೊಳ್ಳುತ್ತದೆ. ಏನು ಮಾಡಬೇಕು?

ಬಾರ್ ದಾಟಿದ ಮೇಲೆ ಸೀಳಿನಲ್ಲಿ ಬೆಣೆ ಇಡಿ. ಎರಡು ಮೂರು ಅಡಿಗೊಂದರಂತೆ ಎರಡೂ ಪಕ್ಕದಿಂದ ಹಾಕುತ್ತ ಬನ್ನಿ. ಬೆಣೆ ಮರದ್ದು ಅಥವಾ ಪ್ಲಾಸ್ಟಿಕ್ಕಿನದು ಮಾತ್ರ, ಕಬ್ಬಿಣದ್ದು ಬೇಡವೇ ಬೇಡ. ಹೊಡೆದು ಕೂರಿಸಬೇಡಿ, ಸೀಳು ಮುಚ್ಚದಂತೆ ನಿಂತರೆ ಸಾಕು. ಬಿಗಿಯಾಗಿ ಹೊಡೆದರೆ ಮೇಲಿನ ಹಲಗೆ ಎದ್ದು ಮಿಲ್‌ನ ದಾರಿ ತಪ್ಪುತ್ತದೆ.

ಕಾರ್ಬುರೇಟರ್ ಹೊಂದಿಸುವುದು ಹೇಗೆ? ಅಡ್ಡ ಕೊಯ್ತಕ್ಕಿದ್ದ ಹಾಗೇ ಬಿಡಬಹುದೇ?

ಬಿಡಬೇಡಿ. ಸೀಳುವ ಗರಗಸ ಸೀಜ್ ಆಗುವುದು ಹೆಚ್ಚಾಗಿ ಇಲ್ಲಿಯೇ. ಎರಡು ಸ್ಟ್ರೋಕಿನ ಎಂಜಿನ್‌ಗೆ ಆಯಿಲ್ ಬರುವುದು ಪೆಟ್ರೋಲ್ ಜತೆಗೇ, ಒಳಗಿನ ಬಿಸಿ ತಗ್ಗಿಸುವುದರಲ್ಲೂ ಪೆಟ್ರೋಲ್‌ಗೆ ಪಾಲಿದೆ. ಗಾಳಿಯ ಜತೆ ಬೆರೆಯುವ ಪೆಟ್ರೋಲ್ ಕಡಿಮೆಯಾದರೆ ಎರಡೂ ಏಕಕಾಲಕ್ಕೆ ಕಡಿಮೆ. ಅಡ್ಡ ಕೊಯ್ತದಲ್ಲಿ ನಡುನಡುವೆ ಸಿಗುವ ಬಿಡುವು ಆ ತಪ್ಪನ್ನು ಮುಚ್ಚಿಹಾಕುತ್ತದೆ. ಸೀಳುವಾಗ ಪಿಸ್ಟನ್‌ನ ಸೈಲೆನ್ಸರ್ ಬದಿ ಗೀರಿಕೊಂಡು ಸಿಲಿಂಡರಿಗೆ ಅಂಟುತ್ತದೆ.

ಎಂಜಿನ್ ಬಿಸಿಯಾದ ಮೇಲೆ, ಏರ್ ಫಿಲ್ಟರ್ ಶುಚಿಯಿದ್ದಾಗ, ಪೂರ್ತಿ ವೇಗದಲ್ಲಿ ಎಷ್ಟು ಪೆಟ್ರೋಲ್ ಹೋಗಬೇಕೆಂದು ಹೊಂದಿಸುವ 'ಎಚ್' ಸ್ಕ್ರೂವನ್ನು ಎಡಕ್ಕೆ, ಅಂದರೆ ಗಡಿಯಾರದ ವಿರುದ್ಧ ದಿಕ್ಕಿಗೆ, ಎಂಟನೇ ಒಂದು ಸುತ್ತಿನಷ್ಟು ತಿರುಗಿಸಿ ಕೇಳಿ. ಹೊರೆಯಿಲ್ಲದೆ ಪೂರ್ತಿ ಥ್ರಾಟಲ್ ಕೊಟ್ಟಾಗ ಸದ್ದು ಕಿರಿಚದೆ ಸ್ವಲ್ಪ ಗೊರಗೊರ ಅನ್ನಬೇಕು, ಮರ ಕಚ್ಚಿದ ಕೂಡಲೇ ಆ ಗೊರಗೊರ ಹೋಗಿ ಸ್ಪಷ್ಟವಾಗಬೇಕು. ಮರದಲ್ಲೂ ಗೊರಗೊರ ಉಳಿದರೆ ಪೆಟ್ರೋಲ್ ಜಾಸ್ತಿಯಾಯಿತು. ಟ್ಯಾಕೋಮೀಟರ್ ಇದ್ದರೆ ಕೈಪಿಡಿಯಲ್ಲಿ ಹೇಳಿದ ಗರಿಷ್ಠ ವೇಗಕ್ಕಿಂತ 500ರಿಂದ 1000 ಆರ್‌ಪಿಎಂ ಕಡಿಮೆ ಇಡಿ. ಪ್ಲಗ್ಗಿನ ತುದಿ ಕಂದು ಬಣ್ಣಕ್ಕಿದ್ದರೆ ಸರಿ, ಬೆಳ್ಳಗಿದ್ದರೆ ಕೂಡಲೇ ನಿಲ್ಲಿಸಿ. ತಾನಾಗಿ ಹೊಂದಿಸಿಕೊಳ್ಳುವ ಎಲೆಕ್ಟ್ರಾನಿಕ್ ಕಾರ್ಬುರೇಟರ್‌ಗಳಲ್ಲಿ ಈ ಸ್ಕ್ರೂ ಇರುವುದಿಲ್ಲ.

ಎಷ್ಟು ತಿರುಗಿಸಿದರೂ ಸದ್ದು ತೆಳುವಾಗಿಯೇ ಉಳಿದರೆ, ಇಲ್ಲವೇ ಥ್ರಾಟಲ್ ಬಿಟ್ಟ ಮೇಲೂ ವೇಗ ತಕ್ಷಣ ಇಳಿಯದಿದ್ದರೆ ಎಲ್ಲೋ ಗಾಳಿ ಸೋರುತ್ತಿದೆ. ಕಾರ್ಬುರೇಟರ್ ಹಿಂದಿನ ರಬ್ಬರ್ ಕೊಳವೆ ಮತ್ತು ಕ್ರ್ಯಾಂಕ್ ಸೀಲ್ ಪರೀಕ್ಷೆ ಮಾಡಿಸಿ, ಅಲ್ಲಿಯವರೆಗೆ ಓಡಿಸಬೇಡಿ.

ಪೆಟ್ರೋಲ್‌ಗೆ ಆಯಿಲ್ ಎಷ್ಟು?

ಕೈಪಿಡಿಯಲ್ಲಿ 50:1 ಎಂದಿದ್ದರೆ ಲೀಟರಿಗೆ 20 ಮಿಲಿ. ಸೀಳುವವರಲ್ಲಿ ಅನೇಕರು 40:1, ಅಂದರೆ ಲೀಟರಿಗೆ 25 ಮಿಲಿ ಹಾಕುತ್ತಾರೆ, ತಪ್ಪೇನಿಲ್ಲ. ಆದರೆ ಆಯಿಲ್ ಹೆಚ್ಚಿಸಿದರೆ ಅಷ್ಟೇ ಮಿಶ್ರಣದಲ್ಲಿ ಪೆಟ್ರೋಲ್ ಕಡಿಮೆಯಾಗುತ್ತದೆ, ಕಾರ್ಬುರೇಟರ್ ಮತ್ತೆ ಹೊಂದಿಸಬೇಕು. ಇದನ್ನು ಮರೆತು 'ಆಯಿಲ್ ಜಾಸ್ತಿ ಹಾಕಿದ್ದರೂ ಸೀಜ್ ಆಯಿತು' ಅನ್ನುವವರು ಇದ್ದಾರೆ. ಒಂದು ತಿಂಗಳಿಗಿಂತ ಹಳೆಯ ಮಿಶ್ರಣ ಬಳಸಬೇಡಿ.

ಚೈನ್ ಆಯಿಲ್ ಸಾಲುತ್ತಿದೆಯೇ ಎಂದು ತಿಳಿಯುವುದು ಹೇಗೆ?

ಬಾರ್ ತುದಿಯನ್ನು ಬಿಳಿ ಕಾಗದದ ಕಡೆ ಹಿಡಿದು ಥ್ರಾಟಲ್ ಕೊಟ್ಟರೆ ಆಯಿಲ್‌ನ ಗೆರೆ ಮೂಡಬೇಕು. ಪೆಟ್ರೋಲ್ ಟ್ಯಾಂಕ್ ಖಾಲಿಯಾಗುವ ಹೊತ್ತಿಗೆ ಆಯಿಲ್ ಟ್ಯಾಂಕಿನಲ್ಲಿ ಸ್ವಲ್ಪವೇ ಉಳಿದಿರಬೇಕು. ಅರ್ಧ ಉಳಿದಿದ್ದರೆ ರಂಧ್ರವೋ ಬಾರ್‌ನ ತೋಡೋ ಕಟ್ಟಿದೆ. ಪಂಪಿನ ಸ್ಕ್ರೂವನ್ನು ಗರಿಷ್ಠಕ್ಕೆ ಇಟ್ಟು ಸೀಳಿ. ಬಾರ್ 36 ಇಂಚು ದಾಟಿದರೆ ತುದಿಯ ಹತ್ತಿರ ಹನಿ ಬೀಳುವಂತೆ ಒಂದು ಹೆಚ್ಚುವರಿ ಡಬ್ಬಿ, ನಳಿಕೆ, ಕವಾಟ ಜೋಡಿಸಿಕೊಳ್ಳುವುದು ಉತ್ತಮ. ಎಂಜಿನ್ ಬದಿಯಿಂದ ಹೊರಟ ಆಯಿಲ್ ಅಷ್ಟು ದೂರ ಹೋಗುವಷ್ಟರಲ್ಲಿ ಪುಡಿ ಹೀರಿಕೊಂಡಿರುತ್ತದೆ.

ವಾಹನದಿಂದ ಇಳಿಸಿದ ಹಳೇ ಎಂಜಿನ್ ಆಯಿಲ್ ಬೇಡ. ಅದರಲ್ಲಿ ಲೋಹದ ಕಣಗಳಿರುತ್ತವೆ, ಚರ್ಮಕ್ಕೂ ಕೆಟ್ಟದ್ದು.

ಚೈನ್ ಎಷ್ಟು ಬಿಗಿ ಇರಬೇಕು?

ಬಾರ್‌ನ ಕೆಳಗೆ ಜೋಲಬಾರದು, ಕೈಯಲ್ಲಿ ಎಳೆದರೆ ಸರಾಗ ಓಡಬೇಕು. ಬಿಗಿಯುವಾಗ ಬಾರ್ ತುದಿಯನ್ನು ಎತ್ತಿ ಹಿಡಿದು ಆಮೇಲೆ ನಟ್ಟು ಕಟ್ಟಿ. ಉದ್ದ ಚೈನ್ ಬಿಸಿಗೆ ಬಹಳ ಹಿಗ್ಗುತ್ತದೆ, ಮೊದಲ ಕೊಯ್ತದ ನಡುವೆಯೇ ಮತ್ತೆ ನೋಡಬೇಕಾಗುತ್ತದೆ. ಕೆಲಸ ಮುಗಿದ ಮೇಲೆ ಸಡಿಲಿಸಲು ಮರೆಯಬೇಡಿ. ಬಿಸಿಯಲ್ಲಿ ಬಿಗಿದ ಚೈನ್ ತಣ್ಣಗಾಗುತ್ತ ಕುಗ್ಗಿ ಕ್ರ್ಯಾಂಕ್‌ನ ಬೇರಿಂಗನ್ನು ಎಳೆಯುತ್ತದೆ.

ದಿನದ ಕೊನೆಗೆ ಏನೇನು ಶುಚಿ ಮಾಡಬೇಕು?

ಏರ್ ಫಿಲ್ಟರನ್ನು ದಿನಕ್ಕೊಮ್ಮೆ ಅಲ್ಲ, ಪ್ರತಿ ಎರಡು ಟ್ಯಾಂಕಿಗೊಮ್ಮೆ ನೋಡಿ. ಸೀಳುವ ಪುಡಿ ಅಷ್ಟು ನುಣುಪು. ಬದಲಿ ಫಿಲ್ಟರ್ ಒಂದು ಜೇಬಿನಲ್ಲಿರಲಿ. ಸಂಜೆ ಸ್ಟಾರ್ಟರ್ ಕವರ್ ಬಿಚ್ಚಿ ಸಿಲಿಂಡರಿನ ರೆಕ್ಕೆಗಳ ನಡುವೆ ಮೆತ್ತಿದ ಪುಡಿಯನ್ನು ಬ್ರಷ್‌ನಿಂದ ತೆಗೆಯಿರಿ. ಅದು ಆಯಿಲ್ ಜತೆ ಸೇರಿ ಗಟ್ಟಿಯಾದರೆ ಗಾಳಿ ಆಡುವುದಿಲ್ಲ. ಬಾರ್ ಕಳಚಿ ತೋಡನ್ನು ತೆಳು ಪಟ್ಟಿಯಿಂದ ಕೆರೆದು, ಆಯಿಲ್ ರಂಧ್ರ ಬಿಡಿಸಿ, ಬಾರ್ ಮಗುಚಿ ಹಾಕಿ. ಮಗುಚದಿದ್ದರೆ ಒಂದೇ ಅಂಚು ಸವೆಯುತ್ತದೆ. ತುದಿಯ ಚಕ್ರಕ್ಕೆ ಗ್ರೀಸ್ ರಂಧ್ರ ಇದ್ದರೆ ಗ್ರೀಸ್ ತುಂಬಿ. ಕ್ಲಚ್ ಬಳಿಯ ಹಲ್ಲುಚಕ್ರವನ್ನು ಎರಡು ಚೈನ್ ಸವೆಯುವ ಹೊತ್ತಿಗೆ ಬದಲಿಸಿ, ಹಳೇ ಚಕ್ರದ ಮೇಲೆ ಹೊಸ ಚೈನ್ ಬೇಗ ಹಾಳಾಗುತ್ತದೆ.

ಪ್ರತಿ ಕೊಯ್ತ ಮುಗಿದಾಗ ತಕ್ಷಣ ಸ್ವಿಚ್ ಆಫ್ ಮಾಡದೆ ಒಂದು ನಿಮಿಷ ಐಡ್ಲಿಂಗ್‌ನಲ್ಲಿ ಬಿಡಿ. ಫ್ಯಾನ್ ನಿಂತ ಕೂಡಲೇ ಒಳಗಿನ ಬಿಸಿ ಕಾರ್ಬುರೇಟರ್‌ಗೆ ಏರಿ ಪೆಟ್ರೋಲ್ ಆವಿಯಾಗುತ್ತದೆ. 'ಬಿಸಿ ಇದ್ದಾಗ ಸ್ಟಾರ್ಟ್ ಆಗುತ್ತಿಲ್ಲ' ಅನ್ನುವ ದೂರಿಗೆ ಇದೂ ಒಂದು ಕಾರಣ.

ಮಿಲ್ ಚೌಕಟ್ಟಿನೊಳಗೆ ಬಾರ್ ಇರುವಾಗ ಅಪಾಯ ಕಡಿಮೆ ಅಲ್ಲವೇ?

ಬಾರ್ ತುದಿ ಕ್ಲ್ಯಾಂಪ್‌ನಲ್ಲಿ ಇರುವುದರಿಂದ ಗರಗಸ ಮುಖದತ್ತ ಚಿಮ್ಮುವ ಸಂಭವ ಕಡಿಮೆ, ಅದು ನಿಜ. ಉಳಿದದ್ದೆಲ್ಲ ಹೆಚ್ಚು. 3/8 ಚೈನ್, 7 ಹಲ್ಲಿನ ಚಕ್ರ ಇದ್ದರೆ ಪ್ರತಿ ಸುತ್ತಿಗೆ 133 ಮಿಮೀ ಚೈನ್ ಓಡುತ್ತದೆ, 9000 ಆರ್‌ಪಿಎಂನಲ್ಲಿ ಸೆಕೆಂಡಿಗೆ 20 ಮೀಟರ್. ಒಂದನೇ ದರ್ಜೆಯ ರಕ್ಷಣಾ ಪ್ಯಾಂಟ್‌ಗಳನ್ನು ಪರೀಕ್ಷಿಸುವುದೂ ಅದೇ 20 ಮೀಟರ್ ವೇಗದಲ್ಲಿ. ಹೊರೆಯಿಲ್ಲದೆ ಓಡುವ ದೊಡ್ಡ ಗರಗಸ ಅದನ್ನು ಸುಲಭವಾಗಿ ಮೀರುತ್ತದೆ. ಪ್ಯಾಂಟ್ ಹಾಕಲೇಬೇಕು, ಅದೊಂದನ್ನೇ ನೆಚ್ಚಬಾರದು. ಚೈನ್ ತುಂಡಾದರೆ ಹಾರುವ ರೇಖೆಯಲ್ಲಿ ಯಾರೂ ನಿಲ್ಲದಿರಲಿ, ಬೆಣೆ ಹಾಕುವ ಸಹಾಯಕರೂ ಕೂಡ.

ಇಯರ್ ಮಫ್, ಕನ್ನಡಕ, ಉಕ್ಕಿನ ಮೂತಿಯ ಬೂಟು, ಪುಡಿಗೆ ತಕ್ಕ ಮಾಸ್ಕ್ ಬೇಕು. ಹೊಗೆಯನ್ನು ಮಾಸ್ಕ್ ತಡೆಯದು. ನಿಮ್ಮ ತಲೆ ಸೈಲೆನ್ಸರಿನ ಹತ್ತಿರವೇ ಬಾಗಿರುವುದರಿಂದ ಗಾಳಿ ಪಕ್ಕದಿಂದ ಬೀಸುವಂತೆ ದಿಮ್ಮಿ ಇಡಿ, ಮುಚ್ಚಿದ ಶೆಡ್ಡಿನಲ್ಲಿ ಸೀಳಬೇಡಿ. ಬೆರಳ ತುದಿ ಜುಮ್ಮೆಂದು ಬೆಳ್ಳಗಾಗತೊಡಗಿದರೆ ಅದು ಕಂಪನದ ಪರಿಣಾಮ, ಅಂದಿನ ಕೆಲಸ ಅಲ್ಲಿಗೇ ನಿಲ್ಲಿಸಿ.

ದಿಮ್ಮಿಯಲ್ಲಿ ಮೊಳೆ ಇದೆಯೋ ಇಲ್ಲವೋ?

ಮನೆ, ಬೇಲಿ, ರಸ್ತೆ ಪಕ್ಕದ ಮರವಾದರೆ ಇದೆ ಎಂದೇ ತಿಳಿಯಿರಿ. ಲೋಹ ಪತ್ತೆ ಮಾಡುವ ಸಾಧನ ಆಡಿಸಿ. ತುದಿಯ ಅಡ್ಡಮೈಯಲ್ಲಿ ನೀಲಿ-ಕಪ್ಪು ಕಲೆ ಕಂಡರೆ ಆ ಗೆರೆಯಲ್ಲಿ ಎಲ್ಲೋ ಕಬ್ಬಿಣವಿರಬಹುದು.

ಕೊಯ್ದ ಹಲಗೆಯನ್ನು ಹೇಗೆ ಇಡಬೇಕು?

ತುದಿಗಳಿಗೆ ಅಂದೇ ಮೇಣ ಅಥವಾ ದಪ್ಪ ಬಣ್ಣ ಬಳಿಯಿರಿ, ಇಲ್ಲವಾದರೆ ಬಿರುಕು ಬಿಡುತ್ತದೆ. 20–25 ಮಿಮೀ ದಪ್ಪದ ಒಣ ಪಟ್ಟಿಗಳನ್ನು ಒಂದೂವರೆ ಅಡಿಗೊಂದು ಇಟ್ಟು ಪೇರಿಸಿ. ಪಟ್ಟಿಗಳು ಮೇಲಿಂದ ಕೆಳಗೆ ಒಂದೇ ನೇರಕ್ಕೆ ಇರಲಿ, ಮೇಲೆ ಭಾರ ಹೇರಿ, ಬಿಸಿಲು ಮಳೆ ತಾಗದಂತೆ ಮಾಡಿ. ಗಾಳಿಯಲ್ಲಿ ಒಣಗಲು ಇಂಚು ದಪ್ಪಕ್ಕೆ ಒಂದು ವರ್ಷ ಅನ್ನುವುದು ಒರಟು ಲೆಕ್ಕ. ಕೊಯ್ಯುವಾಗಲೇ ಬೇಕಾದ ದಪ್ಪಕ್ಕಿಂತ ಹತ್ತನೇ ಒಂದರಷ್ಟು ಹೆಚ್ಚಿಡಿ, ಕುಗ್ಗುವುದಕ್ಕೂ ರಂದಕ್ಕೂ ಬೇಕಾಗುತ್ತದೆ.

ಕೆಲವು ತಿಂಗಳು ಗರಗಸ ಬಳಸುವುದಿಲ್ಲವೆಂದರೆ?

ಪೆಟ್ರೋಲ್ ಪೂರ್ತಿ ಬಸಿದು, ತಾನಾಗಿ ನಿಲ್ಲುವವರೆಗೆ ಐಡ್ಲಿಂಗ್‌ನಲ್ಲಿ ಓಡಿಸಿ. ಚೈನ್ ಮತ್ತು ಬಾರ್ ಬಿಚ್ಚಿ ಆಯಿಲ್ ಸವರಿ ಇಡಿ. ಪ್ಲಗ್ ತೆಗೆದು ಒಂದು ಚಮಚೆಗಿಂತ ಕಡಿಮೆ ಟೂ ಸ್ಟ್ರೋಕ್ ಆಯಿಲ್ ಬಿಟ್ಟು, ಹಗ್ಗವನ್ನು ಎರಡು ಮೂರು ಸಲ ನಿಧಾನ ಎಳೆದು ಪ್ಲಗ್ ಹಾಕಿ. ಮತ್ತೆ ತೆಗೆದಾಗ ಹೊಸ ಮಿಶ್ರಣ ತುಂಬಿ, ಕಾರ್ಬುರೇಟರ್ ಹೊಂದಿಸಿದ ಮೇಲಷ್ಟೇ ದಿಮ್ಮಿಗೆ ಹಚ್ಚಿ.